ವಸಂತವಿಹಾರವೂ ವ್ಯಾಯಾಮವಿಧಿಯೂ

ಮಹಾಕಾವ್ಯದ ಲಕ್ಷಣವನ್ನು ಹೇಳುವ ಆಲಂಕಾರಿಕರು, ಕವಿಯು ವರ್ಣಿಸಬೇಕಾದ ವಸ್ತುಗಳ ನಡುವೆ ಉದ್ಯಾನಕ್ರೀಡೆಯನ್ನೂ ಸಲಿಲಕ್ರೀಡೆಯನ್ನೂ ಸೇರಿಸಿರುವುದು ವಿದ್ವಾಂಸರು ಬಲ್ಲ ವಿಷಯವೇ. ದಂಡಿಯು ಕಾವ್ಯಾದರ್ಶದ ಮೊದಲನೆಯ ಪರಿಚ್ಛೇದದಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ಬೆನ್ನಿಗೇ ಇವನ್ನು ಹೇಳುತ್ತಾನೆ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗದ ಕಾಲದಿಂದ ಕನ್ನಡ ಕಾವ್ಯವು ಈ ಸಂಪ್ರದಾಯಕ್ಕೆ ಒಳಪಟ್ಟಿತು. ಅಷ್ಟಾದಶ ವರ್ಣನೆಗಳೆಂಬ ಹೆಸರು ಚಂಪೂಕವಿಗಳ ಬಾಯಲ್ಲಿ ಪ್ರತಿಜ್ಞೆಯಂತೆ ನಿಂತಿತು. ಇದರ ಫಲವಾಗಿ ವನವಿಹಾರ, ಪುಷ್ಪಾಪಚಯ, ಜಲಕೇಳಿಗಳ ಭಾಗವು ಬಂದೊಡನೆ ಓದುಗನು ಬೇಸರಗೊಳ್ಳುವುದೂ, ಪಾಠಹೇಳುವವರು ಆ ಪದ್ಯಗಳನ್ನು ದಾಟಿ ಕಥೆಯನ್ನು ಹಿಡಿಯುವುದೂ ರೂಢಿಯಾಗಿದೆ. ಅವು ಶೃಂಗಾರಕ್ಕೆ ಒಡ್ಡಿದ ನೆಪಗಳು, ಹಿಂದಿನ ಕವಿಯಿಂದ ಮುಂದಿನ ಕವಿಗೆ ಕೈಬದಲಾದ ಸರಕು ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅಷ್ಟೇ ಸತ್ಯವೆಂದು ತಿಳಿದರೆ ಒಂದು ಸಂಗತಿಯು ಕಣ್ತಪ್ಪಿಹೋಗುತ್ತದೆ. ಈ ವರ್ಣನೆಗಳಲ್ಲಿ ಕ್ರಿಯೆಗಳು ಬರುವ ಅನುಕ್ರಮವು ಮನಬಂದಂತೆ ಇರುವುದಲ್ಲ. ವಸಂತದಲ್ಲಿ ಶರೀರವನ್ನು ಬಯಲಿನಲ್ಲಿ ದುಡಿಸಬೇಕೆಂದು ವಿಧಿಸಿದ ವೈದ್ಯಶಾಸ್ತ್ರದ ಕ್ರಮಕ್ಕೆ ಅದು ಹೊಂದಿಕೊಂಡಿದೆ.

ವೈದ್ಯರ ಮಾತನ್ನು ಮೊದಲು ನೋಡತಕ್ಕದ್ದು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಋತುಚರ್ಯೆಗೆ ಮೀಸಲಾದುದು. ಛಳಿಯ ಕಾಲದಲ್ಲಿ ದೇಹದೊಳಗೆ ಕೂಡಿಕೊಂಡ ಕಫವು ವಸಂತದ ಬಿಸಿಲು ತಾಗಿದೊಡನೆ ಕರಗಿ ಹರಿದು ಜಠರಾಗ್ನಿಯನ್ನು ಕುಂದಿಸುತ್ತದೆ, ಅದರಿಂದ ಬಹುರೋಗಗಳು ಹುಟ್ಟುತ್ತವೆ ಎಂಬುದು ಅಲ್ಲಿಯ ತತ್ತ್ವ. ಇದಕ್ಕೆ ಪರಿಹಾರವಾಗಿ ವಮನಾದಿ ಶೋಧನಗಳನ್ನೂ, ವ್ಯಾಯಾಮವನ್ನೂ, ಮೈಗೆ ಚೂರ್ಣವನ್ನು ತಿಕ್ಕುವ ಉದ್ವರ್ತನವನ್ನೂ ಹೇಳಿ, ಹಗಲುನಿದ್ದೆಯನ್ನೂ ಜಿಡ್ಡು ಸಿಹಿ ಹುಳಿಗಳಿಂದ ಕೂಡಿದ ಗುರುವಾದ ಆಹಾರವನ್ನೂ ನಿಷೇಧಿಸಲಾಗಿದೆ. ಶುಷ್ಕವಾದ ಈ ವಿಧಿನಿಷೇಧಗಳ ಕೊನೆಯಲ್ಲಿ ಚರಕನು ಕಾಡುಗಳ ಯೌವನವನ್ನು ಅನುಭವಿಸಬೇಕೆಂದು ಹೇಳಿ ಪ್ರಕರಣವನ್ನು ಮುಗಿಸುತ್ತಾನೆ. ಔಷಧದ ಪಟ್ಟಿಯಲ್ಲಿ ಕಾಡಿಗೂ ಒಂದು ಸ್ಥಾನ ದೊರೆತಿರುವುದು ಗಮನಿಸಬೇಕಾದ ಅಂಶ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇದೇ ವಿಷಯವು ಇನ್ನೂ ಸ್ಪಷ್ಟವಾಗಿದೆ. ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗ, ವ್ಯಾಯಾಮ, ಮರ್ದನ, ಉದ್ವರ್ತನ, ಸ್ನಾನ ಎಂಬ ಕ್ರಮವು ನಿಯತವಾಗಿದೆ. ವ್ಯಾಯಾಮವನ್ನು ಯಾರು ಎಷ್ಟು ಯಾವಾಗ ಮಾಡಬೇಕೆಂಬುದಕ್ಕೂ ಅಲ್ಲಿ ಉತ್ತರವುಂಟು: ಬಲವುಳ್ಳವರು, ಸ್ನಿಗ್ಧವಾದ ಊಟವನ್ನು ಉಣ್ಣುವವರು, ಛಳಿಗಾಲದಲ್ಲಿಯೂ ವಸಂತದಲ್ಲಿಯೂ, ತಮ್ಮ ಶಕ್ತಿಯ ಅರ್ಧದಷ್ಟು, ಉಳಿದ ಕಾಲಗಳಲ್ಲಿ ಅದಕ್ಕಿಂತಲೂ ಮಂದವಾಗಿ. ಅತಿಯಾದ ವ್ಯಾಯಾಮದಿಂದ ಬಾಯಾರಿಕೆ, ಕ್ಷಯ, ಉಬ್ಬಸ, ರಕ್ತಪಿತ್ತ, ಜ್ವರಗಳು ಬರುವುವೆಂದು ಎಚ್ಚರಿಸಿ, ಆನೆಯನ್ನು ಎಳೆಯಹೋಗಿ ನಾಶಹೊಂದುವ ಸಿಂಹದ ದೃಷ್ಟಾಂತವನ್ನು ಕೊಟ್ಟಿದೆ. ಅರ್ಧಶಕ್ತಿಯನ್ನು ಅಳೆಯುವುದು ಹೇಗೆ? ಸುಶ್ರುತಸಂಹಿತೆಯು ಚಿಕಿತ್ಸಾಸ್ಥಾನದಲ್ಲಿ ಇದಕ್ಕೆ ಲಕ್ಷಣವನ್ನು ಹೇಳಿದೆ: ಹೃದಯದಲ್ಲಿದ್ದ ವಾಯುವು ಬಾಯಿಗೆ ಬಂದಾಗ, ಎಂದರೆ ಏದುಸಿರು ತೊಡಗಿದಾಗ, ಅರ್ಧಬಲವು ವ್ಯಯವಾಯಿತೆಂದು ತಿಳಿಯಬೇಕು. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡುವುದನ್ನು ಕೂಡ ಗುರುತಾಗಿ ಅನಂತರದ ವೈದ್ಯರು ಸೇರಿಸಿದರು. ನಿಲ್ಲಿಸತಕ್ಕ ಕ್ಷಣವನ್ನು ಹೊರಗಿನ ಯಾವ ಅಳತೆಗೂ ಬಿಡದೆ ಮಾಡುವವನ ಉಸಿರಿಗೂ ಬೆವರಿಗೂ ಒಪ್ಪಿಸಿದ ಈ ನಿಯಮವು ಬಹು ಸೂಕ್ಷ್ಮವಾದುದು.

ಋತುಚರ್ಯೆಯ ಅಧ್ಯಾಯದಲ್ಲಿ ವಾಗ್ಭಟನು ವಸಂತದ ಒಂದು ಇಡೀ ದಿನವನ್ನೇ ಕಟ್ಟಿಕೊಡುತ್ತಾನೆ. ವ್ಯಾಯಾಮ ಉದ್ವರ್ತನಗಳಿಂದ ಶ್ಲೇಷ್ಮವನ್ನು ಗೆದ್ದು, ಮಿಂದು, ಕರ್ಪೂರ ಚಂದನ ಅಗರು ಕುಂಕುಮಗಳನ್ನು ಲೇಪಿಸಿಕೊಂಡು, ಹಳೆಯ ಜವೆ ಗೋಧಿಗಳ ಲಘುವಾದ ಊಟವನ್ನು ಮುಗಿಸಿ, ಮಾವಿನ ರಸ ಬೆರೆತ ಪಾನೀಯವನ್ನು ನಲ್ಲೆಯ ಕೈಯಿಂದ ಕೊಂಡು, ತೆಂಕಣಗಾಳಿ ಸುಳಿಯುವ, ಸುತ್ತಲೂ ನೀರು ಹರಿಯುವ, ಕೋಗಿಲೆಯ ದನಿಯುಳ್ಳ ತೋಪುಗಳಲ್ಲಿ ಗೆಳೆಯರೊಡನೆ ಮಾತುಕತೆಯಾಡುತ್ತ ನಡುಹಗಲನ್ನು ಕಳೆಯಬೇಕಂತೆ. ಈ ಶ್ಲೋಕಗಳನ್ನು ಹೆಸರು ಮರೆಸಿ ಓದಿದರೆ ಇವು ಯಾವುದೋ ಕಾವ್ಯದ ವಸಂತವರ್ಣನೆಯೆಂದು ಯಾರಾದರೂ ಭ್ರಮಿಸಬಹುದು. ಇಲ್ಲಿ ವೈದ್ಯನು ಕವಿಯಿಂದ ಸಾಲ ಪಡೆದಿದ್ದಾನೆ ಎಂಬುದು ನಿಸ್ಸಂದೇಹ. ಆದಕಾರಣ ಕವಿಗಳೇ ವೈದ್ಯಗ್ರಂಥವನ್ನು ನೋಡಿ ಬರೆದರೆಂದು ಏಕಮುಖವಾಗಿ ಸಾಧಿಸುವುದು ಸಲ್ಲದು. ಇಬ್ಬರ ಕಣ್ಣೆದುರಿಗೂ ಒಂದೇ ಆಚಾರವಿತ್ತು, ಒಬ್ಬನು ಅದಕ್ಕೆ ಕಾರಣವನ್ನು ಹೇಳಿದನು, ಇನ್ನೊಬ್ಬನು ಅದರ ಸೊಗಸನ್ನು ಹೇಳಿದನು ಎಂದು ಭಾವಿಸುವುದು ಯುಕ್ತವಾಗಿ ತೋರುತ್ತದೆ.

ಅಂಥ ಆಚಾರವಿದ್ದಿತೆಂಬುದಕ್ಕೆ ಕಾವ್ಯದಿಂದ ಹೊರಗಿನ ಸಾಕ್ಷ್ಯವು ವ್ಯಾಕರಣದಲ್ಲಿದೆ. ಪೌರಸ್ತ್ಯರ ಕ್ರೀಡೆಗಳ ಹೆಸರುಗಳಲ್ಲಿ ಸ್ವರವು ಎಲ್ಲಿ ನಿಲ್ಲುವುದೆಂದು ಹೇಳುವ ಒಂದು ಸೂತ್ರವು ಪಾಣಿನಿಯ ಆರನೆಯ ಅಧ್ಯಾಯದಲ್ಲಿದ್ದು, ಉದ್ದಾಲಕಪುಷ್ಪಭಂಜಿಕಾ, ವೀರಣಪುಷ್ಪಪ್ರಚಾಯಿಕಾ, ಶಾಲಭಂಜಿಕಾ ಎಂಬವು ಅದಕ್ಕೆ ಉದಾಹರಣೆಗಳಾಗಿ ಕಾಶಿಕೆಯಲ್ಲಿ ಬಂದಿವೆ. ಉದ್ದಾಲಕದ ಹೂವನ್ನು ಮುರಿಯುವ ಆಟ, ಶಾಲವೃಕ್ಷದ ಕೊಂಬೆಯನ್ನು ಬಗ್ಗಿಸಿ ಮುರಿಯುವ ಆಟ ಎಂಬಂತಹ ಅರ್ಥವುಳ್ಳ ಈ ಮಾತುಗಳು ಮರದ ಕೆಳಗೆ ಜನರು ಸೇರಿ ಆಡಿದ ನಿಜವಾದ ಆಟಗಳವು. ವೈಯಾಕರಣನಿಗೆ ಶೃಂಗಾರದ ಹಂಗಿಲ್ಲವಾದುದರಿಂದ ಅವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ವಾತ್ಸ್ಯಾಯನನ ಕಾಮಸೂತ್ರದ ನಾಗರಕವೃತ್ತ ಪ್ರಕರಣವು ಸುವಸಂತಕ, ಸಹಕಾರಭಂಜಿಕಾ, ನವಪತ್ರಿಕಾ, ಉದಕಕ್ಷ್ವೇಡಿಕಾ ಮುಂತಾದ ಕ್ರೀಡೆಗಳನ್ನು ಎಣಿಸಿ, ನಾಗರಕನು ಬೆಳಗ್ಗೆ ಕುದುರೆಯೇರಿ ಉದ್ಯಾನಕ್ಕೆ ಹೊರಟು ಸಂಜೆಗೆ ಅಲ್ಲಿಯ ಹೂವನ್ನೋ ಚಿಗುರನ್ನೋ ಗುರುತಾಗಿ ಧರಿಸಿ ಮರಳುವುದನ್ನು ಹೇಳುತ್ತದೆ. ಆ ಗ್ರಂಥದ ಅರುವತ್ತನಾಲ್ಕು ಕಲೆಗಳ ಕೊನೆಯಲ್ಲಿ ವ್ಯಾಯಾಮಸಂಬಂಧವಾದ ವಿದ್ಯೆಯೂ ಸೇರಿದೆ.

ಶಾಲಭಂಜಿಕಾ ಎಂಬ ಮಾತಿನ ಮುಂದಿನ ಚರಿತ್ರೆಯು ಕೌತುಕಕರವಾದುದು. ಅದು ಆಟದ ಹೆಸರಾಗಿದ್ದುದು ಕ್ರಮೇಣ ಆ ಆಟವನ್ನಾಡುವ ಹೆಣ್ಣಿನ ಶಿಲ್ಪಕ್ಕೆ ಹೆಸರಾಯಿತು. ಕಡೆಗೆ ಮರವೇ ಇಲ್ಲದಿದ್ದರೂ ಕಂಬದ ಮೇಲಿನ ಸ್ತ್ರೀವಿಗ್ರಹಕ್ಕೆಲ್ಲ ಸಲ್ಲತೊಡಗಿತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವಾಲಯದ ಮದನಿಕೆಯರು ಈ ಪರಂಪರೆಯ ಮನೆತನದವರೇ. ಅವರ ತಲೆಯ ಮೇಲೆ ಚಾಚಿಕೊಂಡ ಎಲೆಬಳ್ಳಿಯ ತೋರಣವು ಹಳೆಯ ಆಟದ ಮರದಿಂದ ಉಳಿದುಬಂದ ಕುರುಹೆಂದು ಹೇಳಬಹುದು. ಶಿಲ್ಪದಲ್ಲಿ ಆಟವು ಭಂಗಿಯಾಗಿ ಗಟ್ಟಿಗೊಂಡಂತೆಯೇ ಕಾವ್ಯದಲ್ಲಿ ಅದು ವರ್ಣನೆಯಾಗಿ ಗಟ್ಟಿಗೊಂಡಿತು.

ಆದರೂ ಗಟ್ಟಿಗೊಂಡ ವರ್ಣನೆಯಲ್ಲಿ ಮೂಲದ ಕ್ರಮವು ಅಳಿಸಿಹೋಗಲಿಲ್ಲ. ಭಾರವಿಯ ಕಿರಾತಾರ್ಜುನೀಯದ ಎಂಟನೆಯ ಸರ್ಗದಲ್ಲಿ ಅಪ್ಸರೆಯರು ಕಾಡಿನಲ್ಲಿ ಅಲೆದು ಹೂಕೊಯ್ದು ಬಳಲಿ, ಆಮೇಲೆ ಗಂಗೆಗೆ ಇಳಿಯುತ್ತಾರೆ. ಮಾಘನ ಶಿಶುಪಾಲವಧದಲ್ಲಿ ವನವಿಹಾರವು ಏಳನೆಯ ಸರ್ಗ, ಜಲಕ್ರೀಡೆಯು ಎಂಟನೆಯದು. ಎರಡರ ನಡುವಣ ಸಂಧಿಯಲ್ಲಿ ಬರುವುದು ಸ್ತ್ರೀಯರ ಶ್ರಮ ಮತ್ತು ಸ್ವೇದ. ಹಣೆಯ ಬೆವರು ತಿಲಕವನ್ನು ಕರಗಿಸುವುದು, ನಿಟ್ಟುಸಿರು ಮೇಲಕ್ಕೇರುವುದು, ನಡೆ ತಡವರಿಸುವುದು ಈ ಸಂಧಿಯಲ್ಲಿ ಕವಿಗಳು ತಪ್ಪದೆ ಹೇಳುವ ಮಾತುಗಳು. ಸುಶ್ರುತನ ಅರ್ಧಬಲದ ಲಕ್ಷಣವೂ ಇದೇ ತಾನೆ! ಶೃಂಗಾರದ ಅನುಭಾವವೆಂದು ಆಲಂಕಾರಿಕರು ಎಣಿಸುವ ಬೆವರು, ವ್ಯಾಯಾಮವನ್ನು ನಿಲ್ಲಿಸಬೇಕೆಂದು ವೈದ್ಯರು ಹೇಳಿದ ಗಳಿಗೆಯಲ್ಲಿಯೇ ಮೂಡುತ್ತದೆ. ಅಲ್ಲಿಂದ ಮುಂದೆ ಒಂದು ಹೆಜ್ಜೆಯನ್ನೂ ನಡೆಸದೆ ಕವಿಯು ತನ್ನ ಪಾತ್ರಗಳನ್ನು ಕೊಳದ ಕಡೆಗೆ ತಿರುಗಿಸುತ್ತಾನೆ. ಭಾರವಿಯು ಕನ್ನಡನಾಡಿಗೆ ಹೊರಗಿನವನೆಂದು ಇಲ್ಲಿ ಆಕ್ಷೇಪಿಸುವಂತಿಲ್ಲ. ಅವನ ಹೆಸರು 634ರ ಐಹೊಳೆಯ ಶಾಸನದಲ್ಲಿ ಕಾಳಿದಾಸನ ಹೆಸರಿನೊಡನೆ ಕೊರೆದಿದೆ. ಗಂಗದೊರೆ ದುರ್ವಿನೀತನು ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನವನ್ನು ಬರೆದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಕನ್ನಡ ಚಂಪೂಕವಿಗಳು ಬೆಳೆದುದು ಈ ಕಾವ್ಯಗಳನ್ನು ಅರೆದು ಕುಡಿದವರ ನಡುವೆ.

ಆಟದಲ್ಲಿ ಮೈಗೆ ನಿಜವಾದ ಶ್ರಮವೂ ಅಪಾಯವೂ ಇದ್ದುವೆಂಬುದಕ್ಕೆ ಕಾಳಿದಾಸನ ಮಾಳವಿಕಾಗ್ನಿಮಿತ್ರವು ಒಂದು ವಿನೋದಕರವಾದ ನಿದರ್ಶನ. ವಸಂತದಲ್ಲಿ ಉಯ್ಯಾಲೆಯಾಡುತ್ತಿದ್ದ ಧಾರಿಣೀದೇವಿಯು ವಿದೂಷಕನ ಚಾಪಲ್ಯದಿಂದ ಬಿದ್ದು ಕಾಲುನೋಯಿಸಿಕೊಳ್ಳುತ್ತಾಳೆ. ಅಶೋಕವನ್ನು ಒದೆದು ಅರಳಿಸಬೇಕಾದ ಪಾದವೇ ನೊಂದುದರಿಂದ ಆ ಕೆಲಸಕ್ಕೆ ಮಾಳವಿಕೆಯನ್ನು ಕಳುಹಿಸಬೇಕಾಗುತ್ತದೆ. ನಾಟಕದ ಮೂರನೆಯ ಅಂಕವೆಲ್ಲ ಈ ನೋವಿನ ಮೇಲೆ ನಿಂತಿದೆ. ಕೇವಲ ಅಲಂಕಾರವಾದ ಉಯ್ಯಾಲೆಯಿಂದ ಯಾರೂ ಬೀಳುವುದಿಲ್ಲ.

ವಸಂತವಿಹಾರವು ಬಲಪರೀಕ್ಷೆಗೆ ತಿರುಗಿ, ಅಲ್ಲಿಂದ ವೈರಾಗ್ಯಕ್ಕೆ ಏರುವ ಒಂದು ಕಥೆಯು ಜೈನಪುರಾಣಗಳಲ್ಲಿದೆ. ಕನ್ನಡನಾಡಿನ ತೆಂಕಣ ಭಾಗದ ಪುನ್ನಾಡಿನಿಂದ ಹೆಸರು ಪಡೆದ ಪುನ್ನಾಟಸಂಘದ ಜಿನಸೇನಾಚಾರ್ಯನು ಶಕ 705ರಲ್ಲಿ, ಎಂದರೆ 783ರಲ್ಲಿ, ಮುಗಿಸಿದ ಹರಿವಂಶಪುರಾಣವು ಇದನ್ನು ವಿಸ್ತಾರವಾಗಿ ಹೇಳುತ್ತದೆ. ಕೃಷ್ಣನೂ ಅವನ ಅರಸಿಯರೂ ತರುಣನಾದ ನೇಮಿಕುಮಾರನೊಡನೆ ರೈವತಕ ಪರ್ವತದಲ್ಲಿ ವಸಂತವಿಹಾರವನ್ನು ಮಾಡುತ್ತಾರೆ. ಅನಂತರ ಜಲಕ್ರೀಡೆಯು ನಡೆಯುತ್ತದೆ. ನೀರಿನಿಂದ ಮೇಲೆ ಬಂದ ನೇಮಿಯು ತನ್ನ ಒದ್ದೆಬಟ್ಟೆಯನ್ನು ಹಿಂಡಿಕೊಡೆಂದು ಜಾಂಬವತಿಗೆ ಸನ್ನೆಮಾಡಲು ಅವಳು ಕೆರಳುತ್ತಾಳೆ: ನಾಗಶಯ್ಯೆಯನ್ನೇರಿ, ಶಾರ್ಙ್ಗವನ್ನು ಹೆದೆಯೇರಿಸಿ, ಪಾಂಚಜನ್ಯವನ್ನು ಊದುವ ತನ್ನ ಪತಿಯೇ ತನಗೆ ಇಂತಹ ಕೆಲಸವನ್ನು ಹೇಳುವುದಿಲ್ಲವಲ್ಲ ಎಂದು ಹಂಗಿಸುತ್ತಾಳೆ. ನೇಮಿಯು ಆಯುಧಶಾಲೆಗೆ ನಡೆದು ಆ ಮೂರನ್ನೂ ಅನಾಯಾಸವಾಗಿ ಮಾಡಿಬಿಡುತ್ತಾನೆ. ಅವನ ಬಲಕ್ಕೆ ಬೆಚ್ಚಿದ ಕೃಷ್ಣನು ಮದುವೆಯನ್ನು ಹೂಡುವುದು, ಔತಣಕ್ಕಾಗಿ ಕಟ್ಟಿಹಾಕಿದ ಮೃಗಗಳ ಕೂಗನ್ನು ಕೇಳಿ ನೇಮಿಯು ವಿರಕ್ತನಾಗುವುದು ಪ್ರಸಿದ್ಧ ಕಥೆ. ವಿಹಾರಕ್ಕೆ ಹತ್ತಿದ ಬೆಟ್ಟವನ್ನೇ ಅವನು ತಪಸ್ಸಿಗಾಗಿ ಮತ್ತೆ ಹತ್ತುತ್ತಾನೆ. ಈ ಕಥೆಯಲ್ಲಿ ವನವಿಹಾರ ಜಲಕ್ರೀಡೆಗಳನ್ನು ಅಷ್ಟಾದಶ ವರ್ಣನೆಗಳ ತೆರಿಗೆಯೆಂದು ಬಿಟ್ಟು ಓದಿದರೆ ಕಥೆಯ ಕೀಲೇ ಕಳಚಿಹೋಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕರ್ಣಪಾರ್ಯನು ನೇಮಿನಾಥಪುರಾಣವನ್ನು ಕನ್ನಡದಲ್ಲಿ ಬರೆದನು. ಅದೇ ಶತಮಾನದ ನೇಮಿಚಂದ್ರನ ಕಾವ್ಯವು ಕಂಸವಧೆಗೇ ನಿಂತು ಅರ್ಧನೇಮಿಯೆನಿಸಿಕೊಂಡುದರಿಂದ ಈ ಭಾಗವು ಆ ಪ್ರೌಢಕವಿಯ ಕೈಗೆ ಸಿಕ್ಕದೆ ಹೋದುದು ಕನ್ನಡದ ನಷ್ಟವೇ ಸರಿ. ಪಂಪನ ಬನವಾಸಿಯ ವಸಂತವನ್ನು ಈ ಸಾಲಿನಲ್ಲಿ ತರುವುದು ಮಾತ್ರ ಸರಿಯಾಗದು. ಅಲ್ಲಿ ಅರ್ಜುನನು ದಾರಿನಡೆದು ಬಂದವನು, ಆಟಕ್ಕೆ ಬಂದವನಲ್ಲ.

ಕಾವ್ಯದ ಮಾತು ಹಾಗಿರಲಿ. ಒಬ್ಬ ಅರಸನು ತನ್ನ ಆಸ್ಥಾನದ ವಿನೋದಗಳನ್ನು ತಾನೇ ಬರೆದಿಟ್ಟ ಗ್ರಂಥವು ಕನ್ನಡನಾಡಿನಲ್ಲಿ ಹುಟ್ಟಿರುವುದು ಈ ವಿಚಾರಕ್ಕೆ ದೊಡ್ಡ ಆಧಾರ. ಕಲ್ಯಾಣದ ಚಾಳುಕ್ಯ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು 1129ರ ಸುಮಾರಿಗೆ ರಚಿತವಾದುದು. ಅಭಿಲಷಿತಾರ್ಥಚಿಂತಾಮಣಿಯೆಂದು ಇನ್ನೊಂದು ಹೆಸರುಳ್ಳ ಈ ಗ್ರಂಥದ ಮೊದಲ ಭಾಗವು 1926ರಲ್ಲಿ ಮೈಸೂರಿನಿಂದಲೂ, ಸಮಗ್ರವಾಗಿ ಮೂರು ಸಂಪುಟಗಳಲ್ಲಿ 1925ರಿಂದ 1961ರವರೆಗೆ ಬರೋಡೆಯಿಂದಲೂ ಅಚ್ಚಾಯಿತು. ಐದು ವಿಂಶತಿಗಳಾಗಿ ಹಂಚಿದ ನೂರು ಅಧ್ಯಾಯಗಳಲ್ಲಿ ನಾಲ್ಕನೆಯ ವಿಂಶತಿಯು ವಿನೋದಗಳಿಗೂ ಐದನೆಯದು ಕ್ರೀಡೆಗಳಿಗೂ ಮೀಸಲು. ವಿನೋದಗಳಲ್ಲಿ ಬಹುಪಾಲು ಅರಸನು ಕುಳಿತು ನೋಡತಕ್ಕವು. ಕ್ರೀಡೆಗಳಲ್ಲಿ ಅರಸನು ತಾನೇ ಪಾಲುಗೊಳ್ಳುತ್ತಾನೆ. ಕ್ರೀಡೆಗಳ ಆರಂಭದ ಸಾಲು ಹೀಗಿದೆ: ಭೂಧರಕ್ರೀಡೆ, ವನಕ್ರೀಡೆ, ಆಂದೋಲನಕ್ರೀಡೆ, ಸೇಚನಕ್ರೀಡೆ, ಜಲಕ್ರೀಡೆ, ಶಾದ್ವಲಕ್ರೀಡೆ, ವಾಲುಕಾಕ್ರೀಡೆ, ಜ್ಯೋತ್ಸ್ನಾಕ್ರೀಡೆ, ಸಸ್ಯಕ್ರೀಡೆ. ಕೃತಕಗಿರಿಯನ್ನು ಹತ್ತುವುದು, ತೋಪಿನಲ್ಲಿ ಅಲೆಯುವುದು, ಉಯ್ಯಾಲೆ, ಬಣ್ಣದ ನೀರೆರಚಾಟ, ಕೊಳಕ್ಕಿಳಿಯುವುದು, ಆಮೇಲೆ ಹಸುರುಹುಲ್ಲು, ಹೊಳೆಯ ಮಳಲು, ಬೆಳುದಿಂಗಳು, ಬೆಳೆದುನಿಂತ ಪೈರು. ಹೆಸರುಗಳೇ ಹೇಳುವಂತೆ ಈ ಪಟ್ಟಿಯು ವರ್ಷದೊಡನೆ ನಡೆಯುತ್ತದೆ, ಮತ್ತು ಅದರ ಆರಂಭದಲ್ಲಿ ಕವಿಗಳ ಕ್ರಮವೇ ಇದೆ: ಮೊದಲು ಹತ್ತುವುದು ಅಲೆಯುವುದು, ಕಡೆಗೆ ನೀರು. ಸೋಮೇಶ್ವರನು ಕವಿಗಳನ್ನು ಓದಿ ಪಟ್ಟಿಮಾಡಿದನೆಂದು ಸಂಶಯಿಸುವವರು ಅದೇ ಗ್ರಂಥದ ಮಲ್ಲವಿನೋದವನ್ನು ನೋಡಬೇಕು. ಅಲ್ಲಿ ಮಲ್ಲರ ಸಾಧನೆಗಳು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೆಲ್ಲಣಕ, ಸ್ತಂಭಶ್ರಮ ಎಂದು ವಿಂಗಡವಾಗಿವೆ. ಭಾರವೆತ್ತುವುದು, ದೂರ ನಡೆದುಬರುವುದು, ನೀರಿನಲ್ಲಿ ತೋಳುಗಳನ್ನು ದುಡಿಸುವುದು, ಕಂಬದ ಮೇಲಣ ಸಾಧನೆ, ಇವುಗಳಿಗೆ ಯಾವ ಕಾವ್ಯವೂ ಮಾತೃಕೆಯಲ್ಲ. ಇವು ಗರಡಿಯ ಮಾತುಗಳು. ಕುದುರೆಯೇರಿದ ಎರಡು ಪಕ್ಷಗಳವರು ಕೋಲಿನಿಂದ ಚೆಂಡನ್ನು ಹೊಡೆದಾಡುವ ಆಟವನ್ನು ತುರಗವಾಹ್ಯಾಲಿಯ ಪ್ರಕರಣವು ವಿವರಿಸುತ್ತದೆ. ಕಣ್ಣಿನಿಂದ ಕಂಡುದನ್ನು ಇಷ್ಟು ನಿಷ್ಠೆಯಿಂದ ಬರೆದವನು ವನಕ್ರೀಡೆಯೊಂದನ್ನು ಮಾತ್ರ ಪುಸ್ತಕದಿಂದ ಎತ್ತಿಟ್ಟನೆಂದು ನಂಬುವುದು ಕಷ್ಟ. ಈ ಮನೆತನಕ್ಕೆ ವೈದ್ಯದ ಬಳಕೆಯೂ ಚೆನ್ನಾಗಿ ಇದ್ದಿತು. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ಬರೆದವನು. ಅದಕ್ಕೂ ಹಿಂದೆ, 1025ರ ಸುಮಾರಿಗೆ, ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯ, ವೃಕ್ಷಾಯುರ್ವೇದ, ಸೂಪಶಾಸ್ತ್ರಗಳು ಒಂದೆಡೆ ಸೇರಿದ್ದುವು.

ನಾಲ್ಕು ಶತಮಾನಗಳ ಅನಂತರ ವಿಜಯನಗರದಲ್ಲಿ ದೊರೆಯುವ ಸಾಕ್ಷ್ಯವು ಪರದೇಶಿಯೊಬ್ಬನದು. 1520ರ ಸುಮಾರಿನಲ್ಲಿ ಅಲ್ಲಿಗೆ ಬಂದಿದ್ದ ಪೋರ್ತುಗೀಸ ಡೊಮಿಂಗೊ ಪಾಯೆಸನ ಬರಹವನ್ನು 1900ರಲ್ಲಿ ರಾಬರ್ಟ್ ಸಿವೆಲರು ಇಂಗ್ಲಿಷಿಗೆ ತಂದರು. ಕೃಷ್ಣದೇವರಾಯನು ಬೆಳಕುಹರಿಯುವ ಮೊದಲೇ ಎದ್ದು ಸುಮಾರು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆಲ್ಲ ಪೂಸಿಸಿಕೊಂಡು, ಚಿಕ್ಕದೊಂದು ವಸ್ತ್ರವನ್ನು ಸೊಂಟಕ್ಕೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಿಂದ ಎತ್ತಿ, ಕತ್ತಿಯನ್ನು ಹಿಡಿದು ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಧನೆಮಾಡಿ, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿಯಾಡಿ, ಕೊನೆಗೆ ಕುದುರೆಯೇರಿ ಬಯಲಿನಲ್ಲಿ ಅತ್ತಿತ್ತ ಓಡಿಸಿ, ಬೆಳಗಾಗುವ ಹೊತ್ತಿಗೆ ಮೀಯಲು ಹೋಗುತ್ತಿದ್ದನೆಂದು ಪಾಯೆಸನು ಹೇಳುತ್ತಾನೆ. ಸ್ನಾನದ ಅನಂತರ ದೇವಾಲಯ. ಈ ಪ್ರವಾಸಿಯು ವಾಗ್ಭಟನ ಹೆಸರನ್ನೇ ಕೇಳಿದವನಲ್ಲ. ಆದರೂ ಅವನು ಕಂಡುದು ಅಭ್ಯಂಗ, ವ್ಯಾಯಾಮ, ಸ್ನಾನ ಎಂಬ ಶಾಸ್ತ್ರದ ಕ್ರಮವನ್ನೇ, ಸ್ನಿಗ್ಧಭೋಜನದ ನಿಯಮದೊಡನೆ. ಎಣ್ಣೆಯೆಲ್ಲ ಬಸಿಯುವವರೆಗೆ ದುಡಿಯುವುದು ಅರ್ಧಶಕ್ತಿಯ ಎಲ್ಲೆಯನ್ನು ಮೀರಿದ್ದಿರಬೇಕೆಂಬುದು ಬೇರೆ ಮಾತು. ದಂಡಯಾತ್ರೆಗಳನ್ನು ನಡೆಸಿದ ಅರಸನ ಅರ್ಧಶಕ್ತಿಯು ಎಷ್ಟೆಂಬುದನ್ನು ಶಾಸ್ತ್ರವು ಅವನ ಉಸಿರಿಗೇ ಬಿಟ್ಟಿದೆಯಲ್ಲ. ಪಾಯೆಸನು ನಗರದಲ್ಲಿ ಕಂಡ ದೊಡ್ಡ ಉತ್ಸವವು ಶರತ್ಕಾಲದ ಮಹಾನವಮಿಯಾದುದರಿಂದಲೂ, ಈ ಸಾಧನೆಯು ನಿತ್ಯವೂ ನಡೆಯುತ್ತಿದ್ದುದೆಂದು ಅವನು ಹೇಳುವುದರಿಂದಲೂ ಇದನ್ನು ವಸಂತಕ್ಕೆ ಮಾತ್ರ ಕಟ್ಟಿಹಾಕಲಾಗದು. ವಸಂತದ ಸಂಭ್ರಮವು ಆ ನಗರದಲ್ಲಿ ಬೇರೆಯಾಗಿಯೇ ಇದ್ದಿತು: ಕೃಷ್ಣದೇವರಾಯನ ಸಂಸ್ಕೃತ ನಾಟಕವಾದ ಜಾಂಬವತೀಕಲ್ಯಾಣವು ವಿರೂಪಾಕ್ಷನ ವಸಂತೋತ್ಸವದಲ್ಲಿ ಪ್ರಯೋಗವಾದುದು. ಹದಿನೈದನೆಯ ಶತಮಾನದ ಇಟಲಿಯ ಪ್ರವಾಸಿ ನಿಕೊಲೊ ಕೊಂತಿಯ ಮಾತುಗಳನ್ನು ಪೊಗ್ಗಿಯೊ ಬರೆದಿಟ್ಟ ಗ್ರಂಥದಲ್ಲಿ, ಮೂರು ದಿನ ದಾರಿಹೋಕರ ಮೇಲೆಲ್ಲ, ಅರಸ ಅರಸಿಯರೆನ್ನದೆ, ಕುಂಕುಮದ ನೀರನ್ನು ಎರಚುವ ಹಬ್ಬವೊಂದರ ವರ್ಣನೆಯಿದೆ. ಸೋಮೇಶ್ವರನ ಸೇಚನಕ್ರೀಡೆಯು ಅರಮನೆಯ ಗೋಡೆಯನ್ನು ದಾಟಿ ಬೀದಿಗೆ ಇಳಿದುದು ಅಥವಾ ಬೀದಿಯ ಓಕುಳಿಯೇ ಮೊದಲು ಅರಮನೆಯನ್ನು ಹೊಕ್ಕುದು, ಇವೆರಡರಲ್ಲಿ ಎರಡನೆಯದೇ ಸಂಭವನೀಯ.

ಈ ವಾದಕ್ಕೆ ಎದುರಾಗುವ ಸಂಗತಿಗಳೂ ಉಂಟು. ಕಾವ್ಯದ ವಿಹಾರವೆಲ್ಲ ವಸಂತದ್ದಲ್ಲ: ವ್ಯಾಸಭಾರತದ ಆದಿಪರ್ವದಲ್ಲಿ ಅರ್ಜುನನು ಬಿಸಿಲಿನ ಬೇಗೆಯನ್ನು ಹೇಳಿಯೇ ಕೃಷ್ಣನನ್ನು ಯಮುನೆಗೆ ಕರೆಯುತ್ತಾನೆ, ಮಾಘನ ರೈವತಕದಲ್ಲಿ ಆರು ಋತುಗಳೂ ಒಮ್ಮೆಗೇ ಬಂದು ನಿಲ್ಲುತ್ತವೆ. ಶಾಸ್ತ್ರವು ಸ್ನಾನಕ್ಕೆ ಮುಂಚೆ ಹೇಳುವ ಮರ್ದನ ಉದ್ವರ್ತನಗಳನ್ನು ಕವಿಗಳು ಕೈಬಿಟ್ಟು ಬೆವರಿದ ಮೈಯಲ್ಲಿಯೇ ನೀರಿಗೆ ಇಳಿಸುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದುದು, ಈ ಸಾಕ್ಷ್ಯವೆಲ್ಲವೂ ಸಿರಿವಂತರದೆಂಬುದು. ಸ್ನಿಗ್ಧವಾದ ಊಟವನ್ನು ಉಣ್ಣುವವರಿಗೆಂದು ವಾಗ್ಭಟನು ಹಾಕಿದ ಷರತ್ತಿನಲ್ಲಿಯೇ ಅದು ಅಡಗಿದೆ. ನೇಗಿಲು ಹಿಡಿದವನಿಗೆ ಭಾರಶ್ರಮವನ್ನು ಯಾರೂ ವಿಧಿಸಬೇಕಾಗಿರಲಿಲ್ಲ. ಅವನ ವಸಂತವು ಕಣದ ಕೆಲಸ ಮುಗಿದು ಮಳೆ ಇನ್ನೂ ಬಾರದ ಬಿಡುವಿನ ಕಾಲ. ಹಳೆಯ ಮೈಸೂರಿನ ಹಲವು ಹಳ್ಳಿಗಳಲ್ಲಿ ಯುಗಾದಿಯ ದಿನಗಳಲ್ಲಿ ಊರವರೆಲ್ಲ ಸೇರಿ ಹೊರಡುತ್ತಿದ್ದ ಬೇಟೆಯು ಆ ಬಿಡುವಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಅದು ಅಪರಾಧವಾಯಿತು. ಕಾವ್ಯದ ವನವಿಹಾರದಲ್ಲಿ ಈ ಜನರು ಹೂವಿನ ಬುಟ್ಟಿಯನ್ನು ಹೊತ್ತು ಹಿಂದೆ ನಡೆಯುವವರಾಗಿ ಮಾತ್ರ ಒಮ್ಮೊಮ್ಮೆ ಕಾಣಿಸಿಕೊಳ್ಳುತ್ತಾರೆ.

ಉಯ್ಯಾಲೆಯ ಚರಿತ್ರೆಯಲ್ಲಿ ಈ ಅಂತರವು ಸ್ಪಷ್ಟವಾಗಿ ಕಾಣುತ್ತದೆ. ಕಾಳಿದಾಸನಲ್ಲಿ ಅದು ವಸಂತದ ಆಟ. ಸೋಮೇಶ್ವರನ ಪಟ್ಟಿಯಲ್ಲಿ ವನಕ್ರೀಡೆಗೂ ಓಕುಳಿಗೂ ನಡುವೆ ಅದಕ್ಕೆ ಸ್ಥಾನ. ಆದರೆ ಆ ಅರಸನ ರಾಜಧಾನಿಯಿದ್ದ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳು ಮರದ ಕೊಂಬೆಗೆ ಜೋಕಾಲಿಯನ್ನು ಕಟ್ಟಿ ಜೀಕುವುದು ಚೈತ್ರದಲ್ಲಲ್ಲ, ಶ್ರಾವಣದ ನಾಗಪಂಚಮಿಯಲ್ಲಿ. ವೈದ್ಯನು ವ್ಯಾಯಾಮವನ್ನು ಮಂದವಾಗಿ ಮಾಡಬೇಕೆಂದ ಮಳೆಗಾಲದ ನಡುವೆ, ತವರಿಗೆ ಬಂದ ಹೆಣ್ಣುಮಕ್ಕಳು ಇಬ್ಬರು ಎದುರುಬದುರಾಗಿ ನಿಂತು ಕೊಂಬೆಯ ಎತ್ತರಕ್ಕೆ ಜೀಕುತ್ತಾರೆ. ಅವರ ಕಾಲವನ್ನು ಗೊತ್ತುಮಾಡಿದುದು ಕಫದ ಸಂಚಯವೂ ಅಲ್ಲ, ತೆಂಕಣಗಾಳಿಯೂ ಅಲ್ಲ. ಅಣ್ಣನು ಕರೆಯಲು ಬರುವ ದಿನ.